ಎರಡು ಕಾಫಿಯ ಬೆಲೆಗೆ ಒಂದು ದನಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಎರಡನೇ ಮಹಡಿಯ ಪುಟ್ಟ ಮನೆಯೊಂದರಲ್ಲಿ, ಬಟ್ಟೆಯ ಬೀರುವಿನೊಳಗಿಂದ ಗಂಡಸೊಬ್ಬ ‘ಹೋಗಬೇಡ’ ಎಂದು ಗದರುತ್ತಾನೆ.

ಬೀರುವಿನ ಮುಂದೆ ನೆಲದ ಮೇಲೆ ಕೂತಿರುವ ಮಹಿಳೆ ಲ್ಯಾಪ್‌ಟಾಪಿನಲ್ಲಿ ಆ ದನಿಯ ಗೆರೆ ಏರಿ ಕೆಂಪಾದದ್ದನ್ನು ನೋಡಿ ಹಣೆ ಒತ್ತಿಕೊಳ್ಳುತ್ತಾರೆ. “ಅಣ್ಣಾ, ಕಳ್ಳನ್ನ ಕೊರಳಪಟ್ಟಿ ಹಿಡಿದು ನಿಲ್ಲಿಸಿದ ಹಾಗಾಯ್ತು. ಸ್ವಲ್ಪ ಮೆತ್ತಗೆ.”

“ಬೀಗ ರಿಪೇರಿ ಮಾಡೋನು ನಾನು. ನಂಗೆ ಕಳ್ಳರೇ ನೆನಪಾಗೋದು,” ಎಂದು ಬೀರು ಉತ್ತರಿಸುತ್ತದೆ. “ಇಲ್ಲಿ ಉಸಿರಾಡೋಕೂ ಜಾಗ ಇಲ್ಲ. ನಿಮ್ಮಮ್ಮನ ಸ್ವೆಟರ್ ಮೂಗಿನೊಳಗೆ ಹೋಗ್ತಿದೆ.”

“ಇರ್ಲಿ ಬಿಡಿ. ಆ ಸ್ವೆಟರೇ ನಮ್ಮ ಸ್ಟುಡಿಯೋ.”

ಅದು ಬರೀ ತಮಾಷೆಯಲ್ಲ. ದಪ್ಪ ಬಟ್ಟೆ ಪ್ರತಿಧ್ವನಿಯನ್ನು ನುಂಗುತ್ತದೆ. ಕೆಳಗಿನ ಬೀದಿಯಲ್ಲಿ ಶಟರುಗಳು ಏಳುವ ಮೊದಲು, ಮೊದಲ ಬಸ್ಸು ತಿರುವಿನಲ್ಲಿ ಹಾರ್ನ್ ಹೊಡೆಯುವ ಮೊದಲು ಸಿಗುವ ತುಣುಕು ಮೌನದಲ್ಲಿ ಕೆಲಸ ಮುಗಿಯಬೇಕು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅಪ್ಪ ಕೂತಿದ್ದಾರೆ. ಅವರ ಬಲಗೈ ಮಡಿಲಲ್ಲಿದೆ, ಯಾರೋ ಇಟ್ಟು ಮರೆತು ಹೋದ ವಸ್ತುವಿನ ಹಾಗೆ. ಎಡಗೈಯಲ್ಲಿ ಚಮಚವಿದೆ. ಲೋಟಕ್ಕೆ ಒಂದು ಸಲ ಬಡಿದರೆ ‘ಮತ್ತೆ ಹೇಳು’, ಎರಡು ಸಲ ಬಡಿದರೆ ‘ಸರಿ’.

ಟಣ್. ಒಂದೇ ಸಲ.

“ಯಜಮಾನ್ರೇ, ನನ್ನ ಹೆಂಡ್ತಿ ಸಿಟ್ಟು ಮಾಡ್ಕೊಂಡು ಅವರಮ್ಮನ ಮನೆಗೆ ಹೊರಟಾಗ ಹೇಳಿದ್ದೆನಲ್ಲ, ಹಾಗೆ ಹೇಳ್ಲಾ?”

“ಹೇಳಿದಾಗ ನಿಂತ್ರಾ ಅವರು?” ಎಂದು ಮಹಿಳೆ ಕೇಳುತ್ತಾರೆ.

“ಎಲ್ಲಿ ನಿಂತ್ಲು? ಹೋದ್ಲು.”

ಟಣ್.

ಬೀರುವಿನೊಳಗೆ ಹ್ಯಾಂಗರುಗಳು ಸರಿದ ಸದ್ದಾಗುತ್ತದೆ. ಆಮೇಲೆ, ಎದುರಿಗೆ ತೂಗುತ್ತಿರುವ ಸ್ವೆಟರಿನ ಖಾಲಿ ತೋಳಿಗೆ ಹೇಳಿದ ಹಾಗೆ, ಸುಸ್ತಾದ ತಗ್ಗಿದ ದನಿ ಬರುತ್ತದೆ: “ಹೋಗಬೇಡ.” ಅಪ್ಪ ಚಮಚವನ್ನು ಗಾಳಿಯಲ್ಲೇ ಹಿಡಿದುಕೊಂಡು ಕಿಟಕಿಯಾಚೆ ನೋಡುತ್ತಾರೆ. ಟಣ್, ಟಣ್.

ಆ ಮಹಿಳೆಯನ್ನು ಬೀದಿ ‘ಬಟನ್ ಅಕ್ಕ’ ಎಂದೇ ಕರೆಯುತ್ತದೆ. ಹೆಸರಿಟ್ಟವರು ಕೆಳಗಿನ ಅಂಗಡಿಯ ಈ ಬೀಗದವರೇ. ಬಟನ್ ಅಕ್ಕ ಒಬ್ಬರೇ ಕೂತು ಮೊಬೈಲ್ ಆ್ಯಪ್ ಒಂದನ್ನು ಮಾಡಿದ್ದಾರೆ. ಅದರ ಹೆಸರು ‘ದನಿ’. ಪಾರ್ಶ್ವವಾಯುವಿನಿಂದಲೋ ಗಂಟಲಿನ ಆಪರೇಷನ್ನಿನಿಂದಲೋ ಮಾತು ಕಳೆದುಕೊಂಡವರು ಪರದೆಯ ಮೇಲಿನ ದೊಡ್ಡ ಬಟನ್ ಒತ್ತಿದರೆ ಫೋನು ಅವರ ಪರವಾಗಿ ಮಾತಾಡುತ್ತದೆ. ಯಂತ್ರದ ದನಿಯಲ್ಲಲ್ಲ, ಮನುಷ್ಯರ ದನಿಯಲ್ಲಿ. ನೀರು. ನೋವು. ಸಾಕು. ಲೈಟ್ ಆರಿಸು. ಆ ಕಡೆ ತಿರುಗಿಸು. ನಿನ್ನ ತಲೆ.

ಕೊನೆಯದು ಯಾಕೆ ಎಂದರೆ ಅವರು ನಗುತ್ತಾರೆ. “ಹುಷಾರಿಲ್ಲದೋರಿಗೆ ಬರೀ ನೀರು, ಅನ್ನ ಸಾಕು ಅಂತ ನಾವು ಅಂದ್ಕೊಂಡಿರ್ತೀವಿ. ಬೈಬೇಕು ಅಂತ ಅವರಿಗೂ ಅನ್ಸಲ್ವಾ? ಅಪ್ಪ ದಿನಕ್ಕೆ ಹತ್ತು ಸಲ ಒತ್ತೋದು ಅದನ್ನೇ. ಒಂಬತ್ತು ಸಲ ನಂಗೆ, ಒಂದು ಸಲ ಟೀವಿಗೆ.”

ಅಪ್ಪ ಬಸ್ ನಿಲ್ದಾಣದಲ್ಲಿ ಅನೌನ್ಸರ್ ಆಗಿದ್ದವರು. ಗಾಜಿನ ಗೂಡಿನಲ್ಲಿ ಕೂತು ಯಾವ ಬಸ್ಸು ಎಲ್ಲಿಂದ ಹೊರಡುತ್ತದೆಂದು ಊರಿಗೆಲ್ಲ ಹೇಳುತ್ತಿದ್ದರು. ದನಿ ಗೊತ್ತಿದ್ದವರು ಸಾವಿರಾರು ಜನ, ಮುಖ ಗೊತ್ತಿದ್ದವರು ಚಹಾದ ಅಂಗಡಿಯವನೊಬ್ಬ. ನಿವೃತ್ತಿಯಾದ ವರ್ಷವೇ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಬ್ರಷ್ ಕೈಬಿಟ್ಟರು. ಆಸ್ಪತ್ರೆಯಿಂದ ಮನೆಗೆ ಬಂದಾಗ ಕಿವಿಗೆ ಎಲ್ಲ ಕೇಳುತ್ತಿತ್ತು, ತಲೆಗೆ ಎಲ್ಲ ಅರ್ಥವಾಗುತ್ತಿತ್ತು, ಬಾಯಿಂದ ಮಾತ್ರ ಒಂದು ಮುದ್ದೆಯಂಥ ಸದ್ದು ಹೊರಡುತ್ತಿತ್ತು. ಅವರ ಹಳೆಯ ದನಿಯನ್ನು ಹುಡುಕಿಕೊಂಡು ಮಗಳು ನಿಲ್ದಾಣಕ್ಕೆ ಹೋದರು. ಹೊಸ ಯಂತ್ರ ಬಂದಾಗ ಹಳೆಯದನ್ನೆಲ್ಲ ಅಳಿಸಿದ್ದರು. ಮನೆಯಲ್ಲೂ ಯಾರೂ ರೆಕಾರ್ಡ್ ಮಾಡಿಟ್ಟಿರಲಿಲ್ಲ. ದಿನವೂ ಕೇಳುವ ದನಿಯನ್ನು ಯಾರು ತೆಗೆದಿಡುತ್ತಾರೆ?

ಹೀಗಾಗಿ ಮೊದಲ ಬಟನ್ನಿಗೆ ಅಮ್ಮನ ದನಿ ಬಂತು. ‘ನೀರು’ ಎಂಬ ಒಂದು ಪದವನ್ನು ಅಮ್ಮ ಇಡೀ ಬೆಳಿಗ್ಗೆ ಹೇಳಿದರು. ಅಪ್ಪ ಚಮಚ ಬಡಿಯುತ್ತಲೇ ಇದ್ದರು. “ಇಷ್ಟು ವರ್ಷ ನಾನು ಹೇಳಿದ್ದನ್ನ ಒಂದು ಸಲವೂ ಕಿವಿಗೆ ಹಾಕ್ಕೊಳ್ಳದ ಮನುಷ್ಯ,” ಎಂದು ಅಮ್ಮ ಈಗಲೂ ಹೇಳುತ್ತಾರೆ, “ಅವತ್ತು ಒಂದು ನೀರಿಗೆ ಅಷ್ಟು ತಪ್ಪು ಹಿಡಿದ್ರು.”

ಬಟನ್ ಅಕ್ಕ ಆಗ ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುವ ಕೆಲಸದಲ್ಲಿದ್ದರು. ಅಪ್ಪನನ್ನು ನೋಡಿಕೊಳ್ಳಲು ಕೆಲಸ ಬಿಟ್ಟರು. ಅಪ್ಪನಿಗೆಂದು ಮಾಡಿದ್ದನ್ನು ಬೇರೆಯವರಿಗೂ ಆಗಲೆಂದು ಸ್ಟೋರಿಗೆ, ಅಂದರೆ ಆ್ಯಪ್ ಮಾರುವ ಆನ್‌ಲೈನ್ ಅಂಗಡಿಗೆ, ಹಾಕಿದರು. ಬೆಲೆ ಎರಡು ಕಾಫಿಯಷ್ಟು. ಒಂದೇ ಸಲ ಕೊಟ್ಟರೆ ಆಯಿತು. ಒಳ್ಳೆಯ ದಿನ ಏಳೆಂಟು ಜನ ಕೊಳ್ಳುತ್ತಿದ್ದರು, ಕೆಟ್ಟ ದಿನ ಯಾರೂ ಇಲ್ಲ. ಸ್ಟೋರಿನ ಪಾಲು ಹೋಗಿ ಉಳಿದದ್ದರಲ್ಲಿ ಅಪ್ಪನಿಗೆ ವ್ಯಾಯಾಮ ಮಾಡಿಸಲು ಬರುವವರ ಸಂಬಳ ಹೊರಡುತ್ತಿತ್ತು.

ಮಾಡುವುದಕ್ಕಿಂತ ಮಾರುವುದು ಕಷ್ಟ ಎನ್ನುವುದು ಬೇಗ ಗೊತ್ತಾಯಿತು. ಸ್ಟೋರಿನಲ್ಲಿ ಲಕ್ಷಗಟ್ಟಲೆ ಆ್ಯಪ್‌ಗಳಿವೆ. ಹುಡುಕಿದರೆ ಮೊದಲು ಪುಕ್ಕಟೆಯವು ಬರುತ್ತವೆ, ಆಮೇಲೆ ಜಾಹೀರಾತಿಗೆ ದುಡ್ಡು ಸುರಿದವು, ‘ದನಿ’ ಎಲ್ಲೋ ತಳದಲ್ಲಿ, ಹೆಬ್ಬೆರಳು ಸೋತ ಮೇಲೆ. ವರ್ಷಕ್ಕೊಮ್ಮೆ ಫೋನುಗಳ ವ್ಯವಸ್ಥೆ ಬದಲಾಗುತ್ತದೆ. ಆಗ ನಿನ್ನೆವರೆಗೆ ಸರಿಯಿದ್ದ ‘ನೋವು’ ಬಟನ್ ಇವತ್ತು ಕ್ಯಾಮೆರಾದ ತೂತಿನ ಕೆಳಗೆ ಸಿಕ್ಕಿಕೊಂಡಿರುತ್ತದೆ. ಒಂದು ಸಲ ದುಡ್ಡು ಕೊಟ್ಟವರಿಗೆ ಪ್ರತಿ ವರ್ಷ ಹೊಸದಾಗಿ ದುಡಿಯಬೇಕು. ಇದರ ನಡುವೆ ಅಭಿಪ್ರಾಯದ ಅಂಕಣದಲ್ಲಿ ಒಂದೇ ಒಂದು ನಕ್ಷತ್ರ ಒತ್ತಿ ಯಾರೋ ಬರೆಯುತ್ತಾರೆ: ಕಾಯಿಲೆಯವರ ಹತ್ತಿರ ದುಡ್ಡು ಕೀಳ್ತೀರಲ್ಲ, ನಾಚಿಕೆ ಆಗಲ್ವಾ?

“ಗಾಲಿಕುರ್ಚಿ ಮಾರೋರನ್ನ ಯಾರೂ ಹಾಗೆ ಕೇಳಲ್ಲ,” ಎನ್ನುತ್ತಾರೆ ಬಟನ್ ಅಕ್ಕ. “ಗಾಲಿಕುರ್ಚಿ ಕಣ್ಣಿಗೆ ಕಾಣುತ್ತೆ. ಎತ್ತಿದ್ರೆ ಭಾರ ಇರುತ್ತೆ. ನಂದು ಭಾರ ಇಲ್ವಲ್ಲ.”

ಅವರಿಂದ ಆದ ತಪ್ಪು ಆ್ಯಪ್ ಮಾರುವವರು ಮಾತ್ರ ಮಾಡಬಹುದಾದಂಥದ್ದು. ಆ್ಯಪ್‌ಗಳ ಬಗ್ಗೆ ವಿಡಿಯೋ ಮಾಡುವ ಯುವಕನೊಬ್ಬ ಸಲಹೆ ಕೊಟ್ಟ: ಅಕ್ಕಾ, ಒಂದು ದಿನ ಪುಕ್ಕಟೆ ಬಿಡಿ, ಜನ ಮುಗಿಬೀಳ್ತಾರೆ, ಪಟ್ಟಿಯಲ್ಲಿ ಮೇಲೆ ಬರ್ತೀರಿ, ಮಾರನೇ ದಿನ ಮತ್ತೆ ಬೆಲೆ ಹಾಕಿ. ‘ದನಿ’ ಸ್ಟೋರಿಗೆ ಬಂದು ಇಷ್ಟು ವರ್ಷವಾಯಿತೆಂಬ ನೆಪ ಸಿಕ್ಕಿತು. ಅವರು ಬೆಲೆಯ ಜಾಗದಲ್ಲಿ ‘ಉಚಿತ’ ಎಂದು ಆರಿಸಿದರು. ಪರದೆಯ ಮೇಲೆ ಎಚ್ಚರಿಕೆಯ ಪೆಟ್ಟಿಗೆಯೊಂದು ಬಂತು. ಓದದೆ ‘ಸರಿ’ ಒತ್ತಿದರು.

ಅವರಿಗೆ ಆ ಪೆಟ್ಟಿಗೆಗಳನ್ನು ಕಂಡರೆ ಆಗುವುದಿಲ್ಲ. ‘ದನಿ’ಯಲ್ಲಿ ಅಂಥದ್ದು ಒಂದೂ ಇಲ್ಲ. ಬೆರಳು ನಡುಗುವವರನ್ನು ‘ಖಂಡಿತವಾಗಿಯೂ ನೀರು ಬೇಕೇ?’ ಎಂದು ಎರಡನೇ ಸಲ ಕೇಳುವುದು ಪಾಪ ಎಂದು ನಂಬಿದವರು ಅವರು. ಹಾಗೆ ನಂಬಿದವರ ಬೆರಳಿಗೆ, ಓದಲೇಬೇಕಾದ ಒಂದೇ ಒಂದು ಪೆಟ್ಟಿಗೆ ಎದುರಾದಾಗಲೂ ಅಭ್ಯಾಸ ತಪ್ಪಲಿಲ್ಲ.

ಪೆಟ್ಟಿಗೆಯಲ್ಲಿ ಬರೆದಿದ್ದದ್ದು ಇಷ್ಟೇ: ಒಮ್ಮೆ ಉಚಿತ ಮಾಡಿದ ಆ್ಯಪಿಗೆ ಮುಂದೆಂದೂ ಬೆಲೆ ಹಾಕಲಾಗದು.

ಮಾರನೆಯ ಬೆಳಿಗ್ಗೆ ಬೆಲೆಯ ಜಾಗ ಬೂದಿಬಣ್ಣಕ್ಕೆ ತಿರುಗಿತ್ತು. ಎಷ್ಟು ಒತ್ತಿದರೂ ಜಪ್ಪಯ್ಯ ಎನ್ನಲಿಲ್ಲ. ಸ್ಟೋರಿಗೆ ಬರೆದರು. ಉತ್ತರ ಬಂತು, ಮನುಷ್ಯರದ್ದಲ್ಲ: ನಿಯಮ ಹೀಗಿದೆ, ಬೇಕಿದ್ದರೆ ಹೊಸ ಹೆಸರಿನಲ್ಲಿ ಹೊಸ ಆ್ಯಪ್ ಹಾಕಿ, ಶುಭವಾಗಲಿ. ಆ ಒಂದು ದಿನದಲ್ಲಿ ಹಿಂದಿನ ಎಲ್ಲ ವರ್ಷಗಳಿಗಿಂತ ಹೆಚ್ಚು ಜನ ‘ದನಿ’ಯನ್ನು ಇಳಿಸಿಕೊಂಡಿದ್ದರು. ಹಳೆಯ ಗಿರಾಕಿಗಳಲ್ಲಿ ಕೆಲವರು, ನಾವು ಕೊಟ್ಟದ್ದನ್ನು ವಾಪಸ್ ಮಾಡಿ, ಪಕ್ಕದ ಮನೆಯವರಿಗೆ ಪುಕ್ಕಟೆ ಸಿಕ್ಕಿದೆ ಎಂದು ಬರೆದರು. “ಆದ್ರೂ ಪುಕ್ಕಟೆ ತಗೊಂಡೋರಿಗೇ ಕೋಪ ಜಾಸ್ತಿ,” ಎನ್ನುತ್ತಾರೆ ಅವರು. “ದುಡ್ಡು ಕೊಟ್ಟೋರು ‘ದಯವಿಟ್ಟು’ ಅಂತ ಬರೀತಿದ್ರು. ಇವರು ‘ಏನ್ ಮಾಡ್ತಿದೀರಾ’ ಅಂತ ಬರೀತಾರೆ.”

ಮನೆ ನಡೆಯಬೇಕಲ್ಲ. ಕೆಲವು ವಾರ ‘ದನಿ’ಯೊಳಗೆ ಜಾಹೀರಾತು ಬಿಟ್ಟರು. ಒಂದು ಮಧ್ಯಾಹ್ನ ಅಪ್ಪ ‘ಬಾತ್‌ರೂಮ್’ ಬಟನ್ ಒತ್ತಿದಾಗ ಫೋನು ಮಾತಾಡಲಿಲ್ಲ. ಪರದೆಯ ತುಂಬ ಬಣ್ಣದ ಗೋಲಿಗಳು ಉರುಳಿದವು, ಸಂಗೀತ ಬಂತು, ಮುಚ್ಚುವ ಗುರುತು ಮೂಲೆಯಲ್ಲಿ ಸಾಸಿವೆಯಷ್ಟಾಗಿ ಕಾಣಿಸಿತು. ಅಪ್ಪನ ಎಡಗೈ ಬೆರಳು ಅದರ ಸುತ್ತ ಸುತ್ತಿತು. ಒಳಗೆ ಅಡುಗೆ ಮಾಡುತ್ತಿದ್ದ ಅಮ್ಮ, ಟೀವಿ ಇರಬೇಕು ಅಂದುಕೊಂಡರು.

“ಹಾಸಿಗೆ ಬದಲಾಯಿಸೋದು ದೊಡ್ಡ ವಿಷಯ ಅಲ್ಲ,” ಎನ್ನುವಾಗ ಬಟನ್ ಅಕ್ಕ ಲ್ಯಾಪ್‌ಟಾಪಿನ ಮುಚ್ಚಳವನ್ನು ಸುಮ್ಮನೆ ತೆರೆದು ಮುಚ್ಚುತ್ತಾರೆ. “ಆಮೇಲೆ ಎರಡು ದಿನ ಅಪ್ಪ ಫೋನ್ ಮುಟ್ಟಲಿಲ್ಲ. ಬೈಯೋಕೂ ಮುಟ್ಟಲಿಲ್ಲ.” ಜಾಹೀರಾತನ್ನು ಅವತ್ತೇ ಕಿತ್ತು ಹಾಕಿದರು. ಎರಡು ಕಾಫಿಯ ಬೆಲೆ ಯಾಕೆ ಬೇಕು ಎಂದು ಈಗ ಯಾರಾದರೂ ಕೇಳಿದರೆ ಅವರು ವಾದಕ್ಕೆ ಇಳಿಯುವುದಿಲ್ಲ. ಗೋಲಿಗಳ ಕತೆ ಹೇಳುತ್ತಾರೆ.

ಉಳಿದದ್ದು ಒಂದೇ ದಾರಿ: ಹೊಸ ಹೆಸರು, ಹೊಸ ಆ್ಯಪ್, ಸೊನ್ನೆಯಿಂದ ಶುರು. ಎಂಟು ತಿಂಗಳು ಕೂತು ‘ಹೊಸ ದನಿ’ ಮಾಡಿದ್ದಾರೆ. ಹಳೆಯದರಲ್ಲಿ ಇಲ್ಲದ್ದೊಂದು ಇದರಲ್ಲಿದೆ: ಗಂಡಸಿನ ದನಿ. ಆಯುಷ್ಯವೆಲ್ಲ ಲಾರಿ ಓಡಿಸಿದ ನಮ್ಮಪ್ಪ ಹೆಂಗಸಿನ ದನಿಯಲ್ಲಿ ‘ಗಡ್ಡ ತೆಗಿ’ ಎನ್ನುತ್ತಾರೆ, ಮೊಮ್ಮಕ್ಕಳು ಬಿದ್ದುಬಿದ್ದು ನಗುತ್ತಾರೆ ಎಂದು ಮಗಳೊಬ್ಬಳು ಬರೆದಿದ್ದಳು. ಬೀಗದವರು ಬೀರುವಿನೊಳಗೆ ಹೋದದ್ದು ಆ ಲಾರಿಯವರಿಗಾಗಿ. ಇವತ್ತಿನ ‘ಹೋಗಬೇಡ’ ಕೂಡ ಯಾರೋ ಕೇಳಿದ್ದೇ. ಮಗ ದಿನಾ ಕೆಲಸಕ್ಕೆ ಹೊರಡುವಾಗ ನಮ್ಮ ಯಜಮಾನರು ಏನೋ ಹೇಳಲು ಒದ್ದಾಡುತ್ತಾರೆ, ಇದೇ ಇರಬೇಕು ಅನಿಸುತ್ತದೆ, ಒಂದು ಬಟನ್ ಹಾಕಿಕೊಡಿ ಎಂದು ಹೆಂಗಸೊಬ್ಬರು ಬರೆದಿದ್ದರು.

ಬೀಗದವರು ಸ್ವೆಟರಿನ ನೂಲನ್ನು ಮೀಸೆಯಿಂದ ತೆಗೆದುಕೊಳ್ಳುತ್ತ ಕೆಳಗಿಳಿಯುತ್ತಾರೆ. ಬಟನ್ ಅಕ್ಕ ಹೊಸ ಮಾತನ್ನು ‘ಹೊಸ ದನಿ’ಗೆ ಸೇರಿಸುತ್ತಾರೆ; ಮಾತುಗಳು ನೆಟ್‌ನಿಂದ ನೇರವಾಗಿ ಆ್ಯಪಿಗೆ ಇಳಿಯುತ್ತವೆ, ಅವಕ್ಕೆ ಸ್ಟೋರಿನ ಪರಿಶೀಲನೆ ಬೇಕಿಲ್ಲ. ಆಮೇಲೆ, ಒಂದು ವಾರದಿಂದ ದಿನಾ ಬೆಳಿಗ್ಗೆ ಮಾಡುವ ಕೆಲಸವನ್ನು ಮಾಡುತ್ತಾರೆ: ಸ್ಟೋರಿನ ಪುಟ ತೆರೆಯುವುದು. ಅಲ್ಲಿ ‘ಪರಿಶೀಲನೆಯಲ್ಲಿದೆ’ ಎಂದಿರುತ್ತಿತ್ತು. ಇವತ್ತು ‘ಮಾರಾಟಕ್ಕಿದೆ’ ಎಂದಿದೆ.

ಅವರು ಕುಣಿಯುವುದಿಲ್ಲ. ಎರಡೂ ಅಂಗೈಯನ್ನು ತೊಡೆಗೆ ಒರೆಸಿಕೊಳ್ಳುತ್ತಾರೆ. ಇಷ್ಟು ದಿನ ಹೆದರಿಕೆಯನ್ನು ಸ್ಟೋರಿನವರ ಮೇಲೆ ಹೊರಿಸಬಹುದಿತ್ತು.

ಇವತ್ತು ಸಂಜೆಯೊಳಗೆ ಅವರು ಇನ್ನೊಂದು ಉತ್ತರ ಕೊಡಬೇಕು. ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುವ ಕಂಪನಿಯೊಂದು ಕೆಲಸಕ್ಕೆ ಕರೆದಿದೆ. ಒಳ್ಳೆಯ ಸಂಬಳ, ಅಪ್ಪನ ಚಿಕಿತ್ಸೆಗೂ ವಿಮೆ. ಒಂದೇ ಷರತ್ತು: ಸ್ವಂತ ಆ್ಯಪ್ ಯಾವುದೂ ಸ್ಟೋರಿನಲ್ಲಿ ಇರಕೂಡದು. ಒಪ್ಪಿದರೆ ಹಳೆಯದು, ಹೊಸದು ಎರಡನ್ನೂ ಇಳಿಸಬೇಕು. ಆಮೇಲೆ ಅವುಗಳನ್ನು ಯಾರೂ ದುರಸ್ತಿ ಮಾಡುವುದಿಲ್ಲ, ಒಂದೊಂದೇ ಫೋನಿನಲ್ಲಿ ಅವು ಮೂಕವಾಗುತ್ತವೆ.

“ಹೋಗು ಅಂತ ನಾನು ಹೇಳ್ತಾನೇ ಇದೀನಿ,” ಅಮ್ಮ ಕಾಫಿ ತಂದಿಟ್ಟು ನಿಲ್ಲುತ್ತಾರೆ. “ನಿಂಗೂ ವಯಸ್ಸಾಗ್ತಿದೆ ಕಣೇ. ನಾಳೆ ನಾನು ಬಿದ್ದೆ ಅಂದ್ರೆ? ನನಗೂ ಒಂದು ಬಟನ್ ಮಾಡಿ ಕೂರ್ತೀಯಾ?”

“ನೀನು ಬಿದ್ರೂ ಬಾಯಿ ನಿಲ್ಲಲ್ಲ ಬಿಡಮ್ಮ.”

“ತಮಾಷೆ ಸಾಕು. ಈ ಕಾಲದಲ್ಲಿ ದುಡ್ಡು ಕೊಟ್ಟು ಯಾರು ತಗೋತಾರೆ ಇದನ್ನ? ಹಳೇದು ಪುಕ್ಕಟೆ ಬಿದ್ದಿದೆಯಲ್ಲ.” ಅಮ್ಮ ಸೆರಗಿಗೆ ಕೈ ಒರೆಸುತ್ತ ಒಂದು ಗೆರೆ ಎಳೆಯುತ್ತಾರೆ. “ಸಂಜೆ ಒಳಗೆ ಒಬ್ರು. ಒಬ್ರೇ ಸಾಕು. ನಮಗೆ ಗೊತ್ತಿಲ್ಲದೋರು. ಬೀಗದವರಲ್ಲ, ನಿನ್ನ ಸ್ನೇಹಿತೆಯಲ್ಲ. ತಗೊಂಡ್ರೆ ನಾನು ಬಾಯಿ ಮುಚ್ಕೊಂಡಿರ್ತೀನಿ. ಇಲ್ಲ ಅಂದ್ರೆ ನೀನು ಹೋಗ್ಬೇಕು.”

ಮಗಳು ತಲೆಯಾಡಿಸುತ್ತಾರೆ. ಕಿಟಕಿಯ ಪಕ್ಕ ಅಪ್ಪ ಚಮಚ ಎತ್ತುವುದಿಲ್ಲ, ಫೋನನ್ನೂ ಎತ್ತುವುದಿಲ್ಲ.

ದಿನ ಹೇಗೆ ಕಳೆಯಿತೆಂದು ಹೇಳುವುದು ಕಷ್ಟ. ಹಿಂದೆ ತಮಗೆ ಬರೆದಿದ್ದ ಹಳೆಯ ಗಿರಾಕಿಗಳಿಗೆಲ್ಲ ಅವರು ಪತ್ರ ಕಳಿಸುತ್ತಾರೆ: ಹೊಸದು ಬಂದಿದೆ, ಹಿಂದೆ ಒಮ್ಮೆ ಕೊಟ್ಟಿದ್ದೀರಿ, ಮತ್ತೆ ಕೇಳಲು ಸಂಕೋಚವಾಗುತ್ತದೆ. ‘ಸಂಕೋಚ’ ಎಂಬುದನ್ನು ಅಳಿಸುತ್ತಾರೆ, ಮತ್ತೆ ಬರೆಯುತ್ತಾರೆ. ಮಾರಾಟದ ಲೆಕ್ಕ ತೋರಿಸುವ ಪುಟವನ್ನು ಎಳೆದು ಬಿಡುತ್ತಾರೆ, ಚಿಕ್ಕ ವೃತ್ತ ತಿರುಗುತ್ತದೆ, ಸೊನ್ನೆ ಕಾಣುತ್ತದೆ. ಒಬ್ಬರು ಉತ್ತರಿಸುತ್ತಾರೆ: ನಮ್ಮ ತಂದೆ ತೀರಿಕೊಂಡರು, ಆದರೂ ಒಳ್ಳೆಯದಾಗಲಿ. ಅದನ್ನು ಓದಿದ ಮೇಲೆ ಅವರಿಗೆ ಪುಟ ಎಳೆಯಲು ಸ್ವಲ್ಪ ಹೊತ್ತು ಕೈ ಬರುವುದಿಲ್ಲ. ಊಟದ ತಟ್ಟೆ ಹಾಗೇ ಆರುತ್ತದೆ. ಅಪ್ಪನನ್ನು ಅಮ್ಮ ಒಳಕೋಣೆಗೆ ಕರೆದುಕೊಂಡು ಹೋಗುತ್ತಾರೆ. ಅಪ್ಪನಿಗೆಂದು, ದುಡ್ಡಿಲ್ಲದೆ ಹೊಸದನ್ನು ಇಳಿಸಿಕೊಳ್ಳುವ ಪುಕ್ಕಟೆ ಕೋಡ್ ಒಂದನ್ನು ಅವರು ತೆಗೆದಿಟ್ಟಿದ್ದಾರೆ. ಅಪ್ಪನ ಫೋನಿನಲ್ಲಿ ಈಗಲೂ ಹಳೆಯ ‘ದನಿ’ಯೇ ಇದೆ. ಹೊಸದು ಇರುವುದು ಇವರ ಕೈಯಲ್ಲಿರುವ ಫೋನೊಂದರಲ್ಲೇ, ಪರೀಕ್ಷೆಗೆಂದು. ರಾತ್ರಿ ಹಾಕಿಕೊಟ್ಟರಾಯಿತು, ಹಾಕುವ ಅಗತ್ಯ ಇದ್ದರೆ.

ಬಿಸಿಲು ಎದುರು ಮನೆಯ ಗೋಡೆಯನ್ನು ಬಿಟ್ಟು ಇಳಿಯುವ ಹೊತ್ತಿಗೆ ಸೊನ್ನೆಯಿದ್ದಲ್ಲಿ ಒಂದು ಬರುತ್ತದೆ.

ಅವರು ಫೋನನ್ನು ಮುಖದ ಹತ್ತಿರ ತರುತ್ತಾರೆ, ದೂರ ಹಿಡಿಯುತ್ತಾರೆ. ಒಂದೇ. ಯಾರು, ಯಾವ ಊರು ಎಂದು ಸ್ಟೋರ್ ಹೇಳುವುದಿಲ್ಲ. “ಅಮ್ಮಾ!” ಎಂದು ಕೂಗುತ್ತಾರೆ. ಒಳಕೋಣೆಯಿಂದ ಅಮ್ಮ ಬರುತ್ತಾರೆ. ಮೇಜಿನ ಮೇಲಿದ್ದ ಅಮ್ಮನ ಫೋನು ಅದೇ ಹೊತ್ತಿಗೆ ಟಿಣ್ ಎನ್ನುತ್ತದೆ. ಅಮ್ಮ ಅದನ್ನು ಬೋರಲು ಹಾಕಿ, “ಏನು?” ಎನ್ನುತ್ತಾರೆ.

“ಒಬ್ರು ತಗೊಂಡ್ರು. ದುಡ್ಡು ಕೊಟ್ಟು.”

“ಹೂಂ. ಸರಿ ಹಾಗಾದ್ರೆ.”

ಅಷ್ಟೇ. ಬೆಳಿಗ್ಗೆಯಷ್ಟೇ ವಿಮೆ, ವಯಸ್ಸು, ನಾಳೆ ಎಂದು ಮಾತಾಡುತ್ತಿದ್ದ ಅಮ್ಮ ಇಷ್ಟು ಸಲೀಸಾಗಿ ಸೋಲೊಪ್ಪಿ, ಪಾತ್ರೆ ತೊಳೆಯಲು ಹೋಗುತ್ತಾರೆ. ಮಗಳಿಗೆ ಅದು ವಿಚಿತ್ರವೆನಿಸುವಷ್ಟರಲ್ಲಿ ಕೈಯಲ್ಲಿದ್ದ ಫೋನು ಬಡಿದುಕೊಳ್ಳುತ್ತದೆ. ಕಂಪನಿಯ ಮೇಡಂ.

“ಏನು ತೀರ್ಮಾನ ಮಾಡಿದ್ರಿ? ನಾನು ಮೇಲಿನವರಿಗೆ ಇವತ್ತೇ ಹೇಳ್ಬೇಕು.”

“ಮೇಡಂ, ಅದು…” ಒಬ್ಬ ಗಿರಾಕಿ. ಒಬ್ಬರನ್ನು ನಂಬಿಕೊಂಡು ಸಂಬಳ ಬೇಡ ಎನ್ನುವುದು ಹೇಗೆ? ನಾಳೆ ಮತ್ತೆ ಸೊನ್ನೆಯಾದರೆ? ಒಪ್ಪಿಕೊಂಡುಬಿಟ್ಟರೆ ಇವತ್ತಾದರೂ ನಿದ್ದೆ ಬರುತ್ತದೆ. “ನಾನು ಯೋಚನೆ ಮಾಡಿದೆ. ಮುಂದಿನ ವಾರದಿಂದ ಬಂದ್ರೆ…”

“ಹೋಗಬೇಡ.”

ತಗ್ಗಿದ, ಸುಸ್ತಾದ ಗಂಡಸಿನ ದನಿ ಒಳಕೋಣೆಯಿಂದ ಬರುತ್ತದೆ. ಬೀಗದವರು ಯಾವಾಗ ಮೇಲೆ ಬಂದರು ಎಂದು ಅವರು ತಿರುಗುತ್ತಾರೆ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದೆ. ಆ ದನಿಯಿರುವ ಫೋನು ತಮ್ಮ ಕಿವಿಯ ಮೇಲೇ ಇದೆ.

“ಹೋಗಬೇಡ,” ಎನ್ನುತ್ತದೆ ಕೋಣೆ ಮತ್ತೊಮ್ಮೆ.

“ಯಾರೋ ಏನೋ ಅಂದ್ರಲ್ಲ?” ಮೇಡಂ ಕೇಳುತ್ತಾರೆ.

“ಅಪ್ಪ.”

“ಅವರಿಗೆ ಮಾತು ಬರಲ್ಲ ಅಂದಿದ್ರಿ?”

“ಇವತ್ತು ಬಂತು ಮೇಡಂ,” ಎನ್ನುತ್ತಾರೆ ಬಟನ್ ಅಕ್ಕ. “ನಾನು ಬರೋದಿಲ್ಲ. ತಪ್ಪು ತಿಳ್ಕೋಬೇಡಿ,” ಎಂದು ಸೇರಿಸುತ್ತಾರೆ.

ಒಳಗೆ ಅಪ್ಪ ಫೋನನ್ನು ಮಡಿಲಿನಲ್ಲಿ ಬಲಗೈಯ ಮೇಲೆ ಇಟ್ಟುಕೊಂಡಿದ್ದಾರೆ. ಪರದೆಯಲ್ಲಿ ‘ಹೊಸ ದನಿ’ ಇದೆ. ಮಗಳು ಬಂದದ್ದನ್ನು ಕಂಡು ಒಂದು ಬಟನ್ ಹುಡುಕಿ ಒತ್ತುತ್ತಾರೆ. ಬೀಗದವರ ಗಡಸು ದನಿ ಮೊದಲ ಸಲ ಅಪ್ಪನ ಪರವಾಗಿ ಬೈಯುತ್ತದೆ: “ನಿನ್ನ ತಲೆ.”

“ಅಮ್ಮಾ, ಇವರು ಪಾಸ್‌ವರ್ಡ್ ಹೇಗೆ ಹಾಕಿದ್ರು?”

“ಒತ್ತಿದ್ದು ಅವರು,” ಅಮ್ಮ ಒದ್ದೆ ಕೈಯಲ್ಲೇ ಬಾಗಿಲಿಗೆ ಬರುತ್ತಾರೆ. “ಕಾರ್ಡು ನಂದು. ಬೆರಳಚ್ಚೂ ನಂದೇ ಕೇಳ್ತು. ನನ್ನ ಕೈ ಹಿಡ್ಕೊಂಡು ಬಿಡ್ಲೇ ಇಲ್ಲ. ಏನ್ ಮಾಡ್ಲಿ?”

“ಪುಕ್ಕಟೆ ಕೋಡ್ ತೆಗೆದಿಟ್ಟಿದ್ದೆ.”

“ಹೇಳ್ದೆ. ಅದಕ್ಕೂ ಬೈದ್ರು.”

“ಗೊತ್ತಿಲ್ಲದೋರು ತಗೋಬೇಕು ಅಂದಿದ್ದೆ ನೀನು.”

ಅಮ್ಮ ಗಂಡನ ಕಡೆ ನೋಡುತ್ತಾರೆ, ಬಸ್ಸಿಗೆ ಕಾಯುವವರು ಬೋರ್ಡ್ ನೋಡುವ ಹಾಗೆ. “ಇಷ್ಟು ವರ್ಷ ಸಂಸಾರ ಮಾಡಿದೀನಿ. ಈ ಮನುಷ್ಯ ಇವತ್ತಿಗೂ ನಂಗೆ ಗೊತ್ತಿಲ್ಲದೋರೇ.”

ದೀಪ ಹಚ್ಚುವ ಹೊತ್ತು. ಬಟನ್ ಅಕ್ಕ ಮತ್ತೆ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಾರೆ. ಪುಟ ಎಳೆಯುತ್ತಾರೆ, ವೃತ್ತ ತಿರುಗುತ್ತದೆ, ಒಂದೇ ಇದೆ. ಮನೆಯ ಒಂದು ಜೇಬಿನಿಂದ ಹೊರಟು, ಸ್ಟೋರಿಗೆ ಪಾಲು ಕೊಟ್ಟು, ಇನ್ನೊಂದು ಜೇಬಿಗೆ ಮರಳುವ ಒಂದು. ಬೆಳಿಗ್ಗೆ ಮತ್ತೆ ಬೀರು ತೆರೆಯಬೇಕು. ‘ಕಿಟಕಿ ತೆಗಿ’ ಎಂದು ಯಾರೋ ಕೇಳಿದ್ದಾರೆ.

ಇನ್ನೇನು ಆಸೆ ಎಂದರೆ ಅವರು ತುಂಬ ಹೊತ್ತು ಯೋಚಿಸುವುದಿಲ್ಲ.

“ಯಾವುದೋ ಮನೇಲಿ, ನಾನು ಯಾವತ್ತೂ ನೋಡದೇ ಇರೋ ಯಾರೋ ಒಬ್ರು, ಇವತ್ತು ಮಲಗೋ ಮುಂಚೆ ಬಟನ್ ಒತ್ತಿ ‘ಲೈಟ್ ಆರಿಸು’ ಅನ್ಬೇಕು. ಮತ್ತೆ ಅದಕ್ಕೆ ಅವರು ದುಡ್ಡು ಕೊಟ್ಟಿರ್ಬೇಕು.” ಪುಟವನ್ನು ಇನ್ನೊಮ್ಮೆ ಎಳೆದು ಬಿಡುತ್ತಾರೆ. “ಎರಡೂ ಬೇಕು ನಂಗೆ.”